ಎಬ್ಬಿಸುವ ಕುರ್ಚಿಯ ವಾರಂಟಿ

ಕಡಲತೀರದ ನಮ್ಮ ಹಾರ್ಲಿಂಗನ್ ಊರಿನ ಮನೆಗಳ ಮೆಟ್ಟಿಲು ಎಷ್ಟು ಇಕ್ಕಟ್ಟು ಅಂದರೆ, ಬೆಕ್ಕು ಹತ್ತಿದರೆ ತಿರುಗಲು ಜಾಗವಿಲ್ಲದೆ ಹಿಂದಕ್ಕೇ ನಡೆದು ಇಳಿಯುತ್ತದೆ. ನಮ್ಮ ಬೀದಿಯಲ್ಲಿ ಒಬ್ಬ ಮದುವೆಗೆ ಮುಂಚೆ ಮಹಡಿ ಹತ್ತಿದ. ಹೆಂಡತಿಯ ಕೈ ಅಡುಗೆ ತಿಂದು ದಪ್ಪಗಾದ. ಮೊಮ್ಮಕ್ಕಳಾದರೂ ಪುಣ್ಯಾತ್ಮ ಕೆಳಗಿಳಿಯಲಿಲ್ಲ. ಹಾಗಾಗಿ ನಮ್ಮಲ್ಲಿ ಮಂಚ, ಬೀರು, ಸೋಫಾ ಯಾವುದೂ ಬಾಗಿಲಿಂದ ಒಳಗೆ ಬರುವುದಿಲ್ಲ, ಕಿಟಕಿಯಿಂದ ಬರುತ್ತವೆ. ಪ್ರತಿ ಮನೆಯ ನೆತ್ತಿಯಲ್ಲೂ ಒಂದು ತೊಲೆ, ತೊಲೆಗೊಂದು ಕೊಕ್ಕೆ. ಅದಕ್ಕೆ ರಾಟೆ ಸಿಕ್ಕಿಸಿ, ಹಗ್ಗ ಬಿಟ್ಟು, ಬೀದಿಯವರೆಲ್ಲ ಸೇರಿ ಎಳೆದರೆ ಸಾಮಾನು ಮನೆ ಮುಂದಿನ ಕಾಲುವೆಯ ನೀರಿನ ಮೇಲೆ ತೂಗಾಡುತ್ತ ಮಹಡಿ ಸೇರುತ್ತದೆ.

ನನ್ನ ಮನೆಯ ಮೇಲಿನ ಮಹಡಿಯಲ್ಲಿ ಸೀಬ್ರಾಂಡ್ ಮತ್ತು ಅವನ ಹೆಂಡತಿ ನಿಂಕೆ ಇದ್ದರು. ಸೀಬ್ರಾಂಡ್ ನಮ್ಮೂರಿಂದ ದ್ವೀಪಕ್ಕೆ ಹೋಗುವ ಹಡಗಿನಲ್ಲಿ ಹಗ್ಗ ಕಟ್ಟುವ ಕೆಲಸದವನು. ಐವತ್ತು ದಾಟುತ್ತಿದ್ದಂತೆ ಸ್ನಾಯುಗಳ ಕಾಯಿಲೆ ಬಂತು. ನಿಂತರೆ ನಡೆಯುತ್ತಿದ್ದ, ಆದರೆ ಕೂತರೆ ಏಳಲಾಗುತ್ತಿರಲಿಲ್ಲ. ನಿಂಕೆ ಬೆಳಗಾದರೆ ಮೀನಿನ ಅಂಗಡಿಗೆ ಕೆಲಸಕ್ಕೆ ಹೋಗಬೇಕು. ಇಡೀ ದಿನ ಅವನನ್ನು ಎಬ್ಬಿಸುವವರು ಯಾರು? ಅದಕ್ಕೇ ಎಬ್ಬಿಸುವ ಕುರ್ಚಿ ಕೊಂಡರು. ಗುಂಡಿ ಒತ್ತಿದರೆ ಒಳಗಿನ ಮೋಟಾರು ಆಸನವನ್ನು ಮೆಲ್ಲಗೆ ಎತ್ತಿ ಮನುಷ್ಯನನ್ನು ನಿಲ್ಲಿಸುತ್ತದೆ. ಅದೊಂದಿದ್ದರೆ ಅವನು ಮನೆಯಲ್ಲೇ ಇರಬಹುದು. ಇಲ್ಲದಿದ್ದರೆ ಆರೈಕೆ ಮನೆಯೇ ಗತಿ ಅಂತ ಡಾಕ್ಟರು ಹೇಳಿಬಿಟ್ಟಿದ್ದರು.

ಕುರ್ಚಿ ಬರುವ ಹಿಂದಿನ ದಿನ ನಾವೆಲ್ಲ ನಿಂಕೆಯ ಮನೆಯಲ್ಲಿ ಕಾಫಿಗೆ ಕೂತಿದ್ದೆವು. ನಮ್ಮ ಪದ್ಧತಿಯಂತೆ ತಲೆಗೊಂದು ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚಿ ಆಗಿತ್ತು. ಸೀಬ್ರಾಂಡನ ಅಣ್ಣ ಡೌವೆ ಇದ್ದ. ಪಕ್ಕದ ಮನೆಯ ರೆನ್ಸ್ಕೆ ಇದ್ದಳು. ಅವಳು ಮುಂಚೆ ಪೀಠೋಪಕರಣದ ಅಂಗಡಿಯಲ್ಲಿ ದೂರು ಕೇಳುವ ಮೇಜಿನಲ್ಲಿ ಕೂತವಳು.

"ನಿಂಕೆ, ವಾರಂಟಿ ಕಾರ್ಡು ಓದಿದ್ಯೇನೆ?" ಅಂದಳು ರೆನ್ಸ್ಕೆ.

"ಓದೋಕೇನಿದೆ ಅದ್ರಲ್ಲಿ?" ಡೌವೆ ನಡುವೆ ಬಾಯಿ ಹಾಕಿದ. "ಐದು ವರ್ಷ ಅಂತ ಕೋಳಿಮೊಟ್ಟೆ ಗಾತ್ರಕ್ಕೆ ಬರೆದಿದಾರೆ. ಐದು ವರ್ಷ ಏನೇ ಆದ್ರೂ ಅವರದ್ದೇ ತಲೆನೋವು."

"ಮೊಟ್ಟೆ ಗಾತ್ರದ್ದು ಮಾರೋಕೆ ಕಣೋ. ಇರುವೆ ಗಾತ್ರದ್ದು ಕೆಳಗಿರತ್ತೆ, ಅದು ನಮಗೆ. ತಾ ಇಲ್ಲಿ." ಅವಳು ಕನ್ನಡಕ ಏರಿಸಿ ಓದಿದಳು. "ನೋಡು, ಐದು ವರ್ಷ ಚೌಕಟ್ಟಿಗೆ ಮಾತ್ರ. ಮೋಟಾರಿಗೆ ಎರಡು ವರ್ಷ. ಬಟ್ಟೆಗೆ ಏನೂ ಇಲ್ಲ. ಮೋಟಾರಿನ ಸೀಲು ಒಡೆದ್ರೆ, ಬೇರೆ ಬಿಡಿಭಾಗ ಹಾಕಿದ್ರೆ ಅದೂ ಇಲ್ಲ. ಸಾಮಾನು ಕಿಟಕಿಗೆ ಎತ್ತಿಕೊಡೋ ಅಂಗಡಿಯವರ ಲಿಫ್ಟ್ ಗಾಡಿ ಬೇಡ ಅಂದ್ರೆ, ಏರಿಸುವಾಗ ಆಗೋ ಪೆಟ್ಟು ನಮ್ಮದು."

"ಲಿಫ್ಟ್ ಗಾಡಿ!" ಡೌವೆ ಹೊಟ್ಟೆ ಕುಣಿಸಿ ನಕ್ಕ. "ನಮ್ಮಜ್ಜ ಇದೇ ಕೊಕ್ಕೇಲಿ ಪಿಯಾನೋ ಎಳೆದಿದ್ದ. ಎಳೀತಿರುವಾಗ ನಮ್ಮಜ್ಜಿ ಅದರ ಮುಂದೆ ಕೂತು ನುಡಿಸ್ತಾನೂ ಇದ್ಳು. ಒಂದು ಸ್ವರ ತಪ್ಪಲಿಲ್ಲ. ಒಂದು ಕುರ್ಚಿಗೆ ಗಾಡಿ ತರಿಸಿದ್ರೆ ಊರು ನಗತ್ತೆ."

"ನಿಮ್ಮಜ್ಜಿ ಪಿಯಾನೋಗೆ ಮೋಟಾರ್ ಇರ್ಲಿಲ್ಲ."

"ಅಜ್ಜಿಗೇ ಇತ್ತು ಬಿಡು!"

ಎಲ್ಲರೂ ನಕ್ಕೆವು. ಸೀಬ್ರಾಂಡನೂ ನಕ್ಕ. ಲಿಫ್ಟ್ ಗಾಡಿ ಬೇಡ ಅಂತಾಯಿತು.

ಮಾರನೆ ದಿನ ಅಂಗಡಿಯ ಇಬ್ಬರು ಕುರ್ಚಿಯನ್ನು ಬಾಗಿಲಲ್ಲಿ ಇಳಿಸಿದರು. "ಬಿಚ್ಚಿ ನೋಡಿ ಸೈನ್ ಮಾಡಿ" ಅಂದರು. "ಅದೇನು ಮದುಮಗಳೇನಪ್ಪ, ಮುಸುಕು ತೆಗೆದು ನೋಡೋಕೆ?" ಅಂತ ಡೌವೆ ಬಿಚ್ಚದೆಯೇ ಎಲ್ಲ ಸರಿಯಿದೆ ಅಂತ ಸಹಿ ಗೀಚಿದ. ಹಗ್ಗ ಕಟ್ಟಿದೆವು. ಎಳೆದೆವು. ಕುರ್ಚಿ ಎಷ್ಟು ಭಾರ ಅಂದರೆ, ಎಳೆದ ಏಟಿಗೆ ನಮ್ಮ ಮನೆ ಎದುರುಮನೆಗೆ ಬಾಗಿ ನಮಸ್ಕಾರ ಮಾಡಿತು. ಕಿಟಕಿಯವರೆಗೆ ಹೋಯಿತು, ಒಳಗೆ ಹೋಗಲಿಲ್ಲ. ಹಿಂದಿನ ವರ್ಷ ಚಳಿಗೆ ಜೋಡಿ ಗಾಜಿನ ದಪ್ಪ ಚೌಕಟ್ಟು ಹಾಕಿಸಿದ್ದರಿಂದ ಕಿಟಕಿಯ ಬಾಯಿ ಮುಂಚಿಗಿಂತ ಅಂಗೈಯಗಲ ಕಿರಿದಾಗಿತ್ತು. ಅಜ್ಜನ ಕಾಲದ ಕಿಟಕಿಯ ಲೆಕ್ಕ ಡೌವೆಯ ತಲೆಯಲ್ಲಿತ್ತು.

"ಬುಡ ಬಿಚ್ಚಿದ್ರೆ ಆಯ್ತು" ಅಂದ ಡೌವೆ. ಕುರ್ಚಿಯನ್ನು ಇಳಿಸಿ ಮೋಟಾರಿನ ಬುಡ ಬಿಚ್ಚಿದ. ಸೀಲಿನ ಕಾಗದ ಚರ್ರಂತ ಹರಿಯಿತು. ಒಂದು ಸ್ಕ್ರೂ ಉರುಳಿ ಕಾಲುವೆಗೆ ಬಿತ್ತು. "ಚಿಂತಿಲ್ಲ" ಅಂತ ತನ್ನ ದೋಣಿಯ ಡಬ್ಬಿಯಿಂದ ಇನ್ನೊಂದು ಸ್ಕ್ರೂ ತಂದು ಬಿಗಿದ. ಕುರ್ಚಿ ಮೇಲೇರಿತು, ಜೋಡಣೆಯಾಯಿತು. ಗುಂಡಿ ಒತ್ತಿದ ಕೂಡಲೇ ಸೀಬ್ರಾಂಡ್ ರಾಜನ ಹಾಗೆ ಎದ್ದು ನಿಂತ. ಚಪ್ಪಾಳೆ ತಟ್ಟಿದೆವು.

ಬೇಸಿಗೆ ಚೆನ್ನಾಗಿ ಕಳೆಯಿತು. ಅವನು ದಿನಾ ತಾನೇ ಎದ್ದು, ಕಿಟಕಿಗೆ ಹೋಗಿ, ಹಡಗು ಹೊರಡುವುದನ್ನು ನೋಡುತ್ತಿದ್ದ. ಹಗ್ಗ ಸರಿಯಾಗಿ ಕಟ್ಟದವರನ್ನು ಮೇಲಿಂದಲೇ ಬಯ್ಯುತ್ತಿದ್ದ.

ಶರತ್ಕಾಲದ ಒಂದು ದಿನ ಕುರ್ಚಿ ಅರ್ಧ ಎದ್ದು ನಿಂತುಬಿಟ್ಟಿತು. ಮೇಲೂ ಇಲ್ಲ, ಕೆಳಗೂ ಇಲ್ಲ. ಅವನು ಮುಂದಕ್ಕೆ ವಾಲಿ, ಭಾರವೆಲ್ಲ ಮಂಡಿಯ ಮೇಲೆ ಬಿಟ್ಟು, ಕೈಯಲ್ಲಿ ಕಿಟಕಿಯ ಹಲಗೆ ಹಿಡಿದುಕೊಂಡ. ಫೋನು ಅಡುಗೆಮನೆಯಲ್ಲಿತ್ತು. ನಾನು ಊರಲ್ಲಿರಲಿಲ್ಲ. ಸಂಜೆ ನಿಂಕೆ ಬಂದಾಗ ಅವನ ಕಾಲು ಬಾತು ಮರದ ಕೊರಡಾಗಿತ್ತು. ಬಟ್ಟೆ ಒದ್ದೆಯಾಗಿತ್ತು.

"ಹಡಗು ಹೋಯ್ತು ನಿಂಕೆ" ಅಂದನಂತೆ. "ಬಂತು. ಮತ್ತೆ ಹೋಯ್ತು. ನಾನು ಇಲ್ಲೇ ಇದ್ದೆ."

ಅಂಗಡಿಯ ಮೆಕ್ಯಾನಿಕ್ ಬಂದ. ಕುರ್ಚಿ ಮಗುಚಿದ. ಹರಿದ ಸೀಲಿನ ಫೋಟೋ ತೆಗೆದ. ಹಗ್ಗ ಕಚ್ಚಿದ ಗುರುತಿನ ಫೋಟೋ ತೆಗೆದ. ಆಮೇಲೆ ಆ ಸ್ಕ್ರೂ ಬಿಚ್ಚಿ ಅಂಗೈ ಮೇಲಿಟ್ಟುಕೊಂಡ.

"ಇದು ನಮ್ಮದಲ್ಲ. ಎರಡರಷ್ಟು ಉದ್ದ ಇದೆ."

"ಅದರಿಂದಾನೇ ಕೆಟ್ಟಿದ್ದಾ?" ಅಂದಳು ನಿಂಕೆ.

"ನಿಜ ಹೇಳ್ಬೇಕಂದ್ರೆ ನನಗೂ ಗೊತ್ತಾಗ್ತಿಲ್ಲಮ್ಮ. ಮೋಟಾರು ಸುಟ್ಟಿದೆ. ಸ್ಕ್ರೂ ತಾಗಿ ಸುಟ್ಟಿರಬಹುದು. ಕಾರ್ಖಾನೇಲೇ ಕಳಪೆ ಆಗಿದ್ದಿರಬಹುದು. ಈ ಮಾಡಲ್‌ನಲ್ಲಿ ಇನ್ನೂ ಒಂದೆರಡು ಹೀಗೇ ಬಂದಿವೆ. ಆದ್ರೆ ಬಿಚ್ಚಿದ ಕುರ್ಚಿ ಬಗ್ಗೆ ನಾನೇನು ಬರೀಲಿ? ವಾರಂಟಿ ಇಲ್ಲ ಅಂತಾನೇ ಬರೀಬೇಕು."

ಡೌವೆ ಕೆಂಪಾದ. "ಐದು ವರ್ಷ ಅಂತ ಹೇಳಿ ಮೋಸ ಮಾಡ್ತೀರಾ? ಕೋರ್ಟಿಗೆ ಎಳೀತೀನಿ!"

"ಕಿಟಕೀಗೆ ಎಳೆದಿದ್ದು ಸಾಲ್ದಾ?" ಅಂದಳು ರೆನ್ಸ್ಕೆ. ಯಾರೂ ನಗಲಿಲ್ಲ.

ಆದರೂ ಅವಳು ಬಿಡಲಿಲ್ಲ. ಅಂಗಡಿಗೆ ಫೋನು ಮಾಡಿದಳು, ದೂರು ಬರೆದಳು. ನಿಂಕೆಯನ್ನು ಕೂರಿಸಿ ಹೇಳಿದಳು: "ಕಾರ್ಡು ಅಂಗಡಿಯವರು ಕೊಡೋ ಮಾತು. ಅದಲ್ಲದೆ ನಮ್ಮಲ್ಲಿ ಕಾನೂನೂ ಇದೆ. ಕಾರ್ಡಲ್ಲಿ ಏನೇ ಇರ್ಲಿ, ಕೊಂಡ ಮೊದಲನೇ ವರ್ಷ ಕೆಟ್ರೆ ಮಾಲು ಮೊದಲೇ ಕೆಟ್ಟಿತ್ತು ಅಂತ ಹಿಡೀತಾರೆ. 'ಅಲ್ಲ, ನಿಮ್ಮಿಂದ ಕೆಟ್ಟಿದ್ದು' ಅಂತ ತೋರಿಸೋ ಭಾರ ಅಂಗಡಿಯವರದ್ದು."

"ಹಾಗಿದ್ರೆ ನಾವು ಗೆದ್ವಲ್ಲ!" ಅಂದ ಡೌವೆ.

"ಇಲ್ಲಪ್ಪ. ತೋರಿಸೋಕೆ ಅವರಿಗೆ ಕಷ್ಟ ಆಗ್ತಿತ್ತು. ಆ ಸ್ಕ್ರೂನ ನಾವೇ ಕೈಗೆ ಕೊಟ್ವಿ. ತಪ್ಪು ಅವರದ್ದೇ ಆಗಿದ್ರೂ ಈಗ ಹೇಳೋಕೆ ಬಾಯಿಲ್ಲ."

ಹಾಗೇ ಆಯಿತು. ದೂರು ಬಿದ್ದುಹೋಯಿತು. ಅಂಗಡಿಯವರು ದುಡ್ಡು ಕೊಟ್ಟರೆ ರಿಪೇರಿ ಮಾಡುತ್ತೇವೆ, ಬಿಡಿಭಾಗ ಬರಲು ಚಳಿಗಾಲ ಮುಗಿಯಬೇಕು ಅಂದರು. ನಿಂಕೆ ಇದ್ದ ರಜೆಯೆಲ್ಲ ಹಾಕಿದಳು. ರಜೆ ಮುಗಿಯಿತು. ಬೆಳಿಗ್ಗೆ ಸ್ನಾನ ಮಾಡಿಸಲು ಬರುವ ಸಹಾಯಕಿ ದಿನವಿಡೀ ಕೂರುವವಳಲ್ಲ. ಕುರ್ಚಿ ಸರಿಯಾಗುವ ತನಕ ಮಾತ್ರ ಅಂತ ಹೇಳಿ ಸೀಬ್ರಾಂಡನನ್ನು ಊರಾಚೆಯ ಆರೈಕೆ ಮನೆಗೆ ಕರೆದೊಯ್ದರು. ಇಕ್ಕಟ್ಟಿನ ಮೆಟ್ಟಿಲಲ್ಲಿ ಇಬ್ಬರು ಅವನನ್ನು ಪಟ್ಟಿ ಕಟ್ಟಿ ಇಳಿಸಿದರು. ಅವನು ಕಣ್ಣು ಮುಚ್ಚಿಕೊಂಡಿದ್ದ.

ವಸಂತದಲ್ಲಿ ಕುರ್ಚಿ ಸರಿಯಾಯಿತು. ಆದರೆ ಅಷ್ಟರಲ್ಲಿ ಅವನ ಕಾಲು ನಿಲ್ಲುವುದನ್ನೇ ಮರೆತಿತ್ತು. ಕುರ್ಚಿ ಎಬ್ಬಿಸಿದರೂ ಅವನು ನಿಲ್ಲಲಾರ ಅಂದರು ಅಲ್ಲಿನ ವ್ಯಾಯಾಮದ ಡಾಕ್ಟರು. ಅವನು ಅಲ್ಲೇ ಉಳಿದ. ಅವನ ಕೋಣೆಯ ಕಿಟಕಿಯಿಂದ ಕಾಣುವುದು ಸೈಕಲ್ ನಿಲ್ಲಿಸುವ ತಗಡಿನ ಮಾಡು.

ಹೋದ ತಿಂಗಳು ನೋಡಲು ಹೋಗಿದ್ದೆವು. ಡೌವೆ ಮೂಲೆಯಲ್ಲಿ ನಿಂತು ಟೋಪಿ ಹಿಸುಕುತ್ತಿದ್ದ.

"ಅಳಬೇಡ್ವೋ" ಅಂದ ಸೀಬ್ರಾಂಡ್. "ಇಲ್ಲಿ ಬಿಸ್ಕತ್ತು ಎರಡೆರಡು ಕೊಡ್ತಾರೆ."

"ನಾನು ಆ ಕಾರ್ಡು ಒಂದು ಸಲ ಓದಿದ್ರೆ..."

"ಹೋಗ್ಲಿ ಬಿಡು. ಇನ್ಮೇಲೆ ಓದು. ಬೇರೆಯವ್ರಿಗೂ ಹೇಳು."

ನಿಂಕೆ ಅವನ ಕಾಲಿಗೆ ಕಂಬಳಿ ಸರಿಪಡಿಸಿದಳು.

ಹೋದ ವಾರ ಅವಳು ಮನೆಯ ದೊಡ್ಡ ಮಂಚ ಕೊಟ್ಟು ಒಬ್ಬರು ಮಲಗುವ ಸಣ್ಣ ಮಂಚ ತರಿಸಿದಳು. ಈ ಸಲ ಲಿಫ್ಟ್ ಗಾಡಿ ಬಂತು. ಊರು ನಗಲಿಲ್ಲ. ಅಂಗಡಿಯವರು ಸಹಿಗೆ ಕೈ ಚಾಚಿದಾಗ ನಿಂಕೆ ತಡೆದಳು. ಹೊದಿಕೆ ಬಿಚ್ಚಿಸಿದಳು. ಪ್ರತಿ ಕಾಲು, ಪ್ರತಿ ಹಲಗೆ ನೋಡಿದಳು, ಫೋಟೋ ತೆಗೆದಳು. ವಾರಂಟಿ ಕಾರ್ಡಿನ ಇರುವೆ ಅಕ್ಷರಗಳನ್ನು ಡೌವೆ ಬೀದಿಯಲ್ಲೇ ನಿಂತು ಗಟ್ಟಿಯಾಗಿ ಓದಿದ. ಅರ್ಥವಾಗದ ಕಡೆ ನಿಲ್ಲಿಸಿ ಕೇಳಿದ. ಬಂದವನಿಗೆ ಹೊತ್ತಾಗುತ್ತಿತ್ತು.

"ಅಲ್ಲಮ್ಮ, ಒಂದು ಸಣ್ಣ ಮಂಚಕ್ಕೆ ಇಷ್ಟೆಲ್ಲಾನಾ?" ಅಂದ.

"ಹೂಂ" ಅಂದಳು ನಿಂಕೆ. "ಒಂದು ಸಣ್ಣ ಮಂಚಕ್ಕೆ ಇಷ್ಟೆಲ್ಲ."

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಗೂ ಇವತ್ತೋ ನಾಳೆಯೋ ಒಂದು ಮಂಚ, ಬೀರು, ಸೋಫಾ ಬರುತ್ತದೆ. ಇಷ್ಟು ವರ್ಷ ವಾರಂಟಿ ಅಂದ ಕೂಡಲೇ ತಲೆಯಾಡಿಸಬೇಡಿ. ಯಾವ ಭಾಗಕ್ಕೆ, ಎಷ್ಟು ದಿನಕ್ಕೆ, ಏನು ಮಾಡಿದರೆ ಅದು ಹೋಗುತ್ತದೆ ಅಂತ ಕೇಳಿ. ಓದಲು ಬಾರದಿದ್ದರೆ ಓದಿಸಿಕೊಳ್ಳಿ. ಬಿಚ್ಚಿ ನೋಡದೆ ಸಹಿ ಹಾಕಬೇಡಿ. ಬಿಲ್ಲು, ಕಾರ್ಡು ಜೋಪಾನ. ಬಾಗಿಲು, ಮೆಟ್ಟಿಲು, ಕಿಟಕಿಯ ಅಳತೆ ಮೊದಲೇ ತೆಗೆದುಕೊಳ್ಳಿ. ಕೆಟ್ಟರೆ ನೀವಾಗಲಿ, ನಿಮ್ಮ ಮನೆಯ ಜಾಣರಾಗಲಿ ಕೈ ಹಾಕುವ ಮುಂಚೆ ಅಂಗಡಿಗೆ ತಿಳಿಸಿ. ಅಂಗಡಿಯವರು ಇಲ್ಲ ಅಂದರೂ ಅಲ್ಲಿಗೇ ಬಿಡಬೇಡಿ. ಕೊಂಡವರ ಪರವಾದ ಕಾನೂನು ನಿಮ್ಮ ಕಡೆಯೂ ಇದೆ, ವಿಚಾರಿಸಿ.

ಇಷ್ಟು ಕೇಳಿದ್ದಕ್ಕೆ ಅಂಗಡಿಯವನು ಮುಖ ಸಿಂಡರಿಸಬಹುದು. ಸಿಂಡರಿಸಲಿ. ಅವನು ಸಂಜೆ ತನ್ನ ಮನೆಗೆ ಹೋಗುತ್ತಾನೆ. ನಿಮ್ಮವರೂ ನಿಮ್ಮ ಮನೆಯಲ್ಲೇ ಇರಬೇಕಲ್ಲ, ಕೇಳಿಬಿಡಿ.