ಪ್ರಶ್ನೆ ಕೇಳಿದ ಹುಡುಗಿ

ಕೊನೆಯ ಪೀರಿಯಡ್ಡು. ಯುದ್ಧದ ಪಾಠ ಮುಗಿಸಿ ಇತಿಹಾಸದ ಮೇಷ್ಟ್ರು ಬೋರ್ಡ್ ಒರೆಸುತ್ತಿದ್ದಾಗ ಒಂಬತ್ತನೇ ತರಗತಿಯ ಮುಸ್ಲಿಂ ಹುಡುಗಿಯೊಬ್ಬಳು ಎದ್ದು ನಿಂತಳು. ಕ್ಲಾಸಿನಲ್ಲಿ ಪ್ರಶ್ನೆ ಕೇಳಿ ಕೇಳಿ ಎಲ್ಲರಿಗಿಂತ ಹೆಚ್ಚು ತಲೆ ತಿನ್ನುತ್ತಿದ್ದವಳೂ ಅವಳೇ, ಮೇಷ್ಟ್ರಿಗೆ ಅಚ್ಚುಮೆಚ್ಚಿನವಳೂ ಅವಳೇ.

"ಬಾಂಬ್ ಬಿದ್ದ ಊರಿನವರಿಗೆ ಸಿಟ್ಟು ಬಂದ್ರೆ ಅದು ತಪ್ಪಾ ಸರ್?"

ಹಿಂದಿನ ವಾರವಷ್ಟೇ ಶಿಕ್ಷಕರಿಗೆ ಉಗ್ರವಾದ ತಡೆಯುವ ತರಬೇತಿ ಆಗಿತ್ತು. ಮಕ್ಕಳ ಮಾತಿನಲ್ಲಿ ಅನುಮಾನ ಬಂದರೆ ತಿಳಿಸಲೇಬೇಕು, ಇಲ್ಲವಾದರೆ ಶಿಕ್ಷಕರೇ ಹೊಣೆ ಎಂದಿದ್ದರು. ಮೇಷ್ಟ್ರು ಹುಡುಗಿಗೆ ಏನೂ ಹೇಳದೆ ಹೋಗಿ ಮುಖ್ಯೋಪಾಧ್ಯಾಯಿನಿಗೆ ತಿಳಿಸಿದರು. ಆಕೆಯೂ ಕೆಟ್ಟವರೇನಲ್ಲ, ನಾಳೆ ಏನಾದರೂ ಆದರೆ ನಮ್ಮ ಕುತ್ತಿಗೆಗೆ ಬರುತ್ತದೆ ಎಂದು ನಿಟ್ಟುಸಿರುಬಿಟ್ಟು ಮೇಲಿನವರಿಗೆ ಫೋನ್ ಮಾಡಿದರು.

ಹೊರಗಿನಿಂದ ಇಬ್ಬರು ಅಧಿಕಾರಿಗಳು ಬಂದು ಹುಡುಗಿಯನ್ನು ಲೈಬ್ರರಿಯಲ್ಲಿ ಕೂರಿಸಿಕೊಂಡರು. ಮನೆಯಲ್ಲಿ ಏನು ಮಾತಾಡುತ್ತೀರಿ, ಅಪ್ಪ ಟಿವಿಯಲ್ಲಿ ಏನು ನೋಡುತ್ತಾರೆ, ಪ್ರಾರ್ಥನೆಗೆ ಯಾರ ಜೊತೆ ಹೋಗುತ್ತಾರೆ ಎಂದೆಲ್ಲ ಕೇಳಿದರು. ಕೊನೆಗೆ, ಏನೂ ಇಲ್ಲ ಎಂದು ಹೇಳಿ ಹೋದರು. ಮೇಷ್ಟ್ರಿಗೆ ಎದೆಭಾರ ಇಳಿದಂತಾಯಿತು.

ಅಂದಿನಿಂದ ಮೇಷ್ಟ್ರು ಏನು ಕೇಳಿದರೂ ಹುಡುಗಿ "ಗೊತ್ತಿಲ್ಲ ಸರ್" ಎನ್ನತೊಡಗಿದಳು. ಅವಳ ಗೆಳತಿಯರೂ ಅದನ್ನೇ ಕಲಿತರು.

ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅವಳ ತಂದೆ ಪಾಲಕರ ಸಭೆಗೆ ಕೆಲಸದ ಬಟ್ಟೆಯಲ್ಲೇ ಬಂದರು. ನಿಯಮ ಹಾಗಿತ್ತು, ಮಗುವಿಗೇನೂ ತೊಂದರೆ ಆಗಲಿಲ್ಲವಲ್ಲ ಎಂದು ಮೇಷ್ಟ್ರು ಸಮಾಧಾನ ಹೇಳಹೊರಟರು.

"ಏನೂ ಆಗ್ಲಿಲ್ಲ ಸರ್, ನಿಜ." ತಂದೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಸುಸ್ತಿತ್ತು. "ಸುಮ್ನಿರಮ್ಮ ಅಂತ ನಾನೇ ಹೇಳ್ದೆ. ಈಗ ಮನೇಲೂ ಸುಮ್ನೇ ಇರ್ತಾಳೆ. ಮೊದ್ಲು ಊಟಕ್ಕೆ ಕೂತ್ರೆ ಸ್ಕೂಲಿನ ಕಥೆ ಮುಗೀತಾನೇ ಇರ್ಲಿಲ್ಲ. ಅದ್ರಲ್ಲಿ ಅರ್ಧ ನಿಮ್ದೇ ಇರ್ತಿತ್ತು."

ಮರುದಿನ ಮೇಷ್ಟ್ರು ಹುಡುಗಿಯನ್ನು ಕರೆದು ತಪ್ಪಾಯಿತಮ್ಮ ಎಂದರು. ಪರವಾಗಿಲ್ಲ ಸರ್ ಎಂದಳು, ಬಾಗಿಲ ಕಡೆ ನೋಡುತ್ತಾ. ಆ ವರ್ಷ ಒಳ್ಳೆಯ ಅಂಕದಲ್ಲೇ ಪಾಸಾದಳು, ಮತ್ತೆ ಕೈಯೆತ್ತಲಿಲ್ಲ.

ಮುಂದಿನ ವರ್ಷ, ಹೊಸದಾಗಿ ಸೇರಿದ್ದ ಟೀಚರ್ ಒಬ್ಬರು ಗಾಬರಿಯಿಂದ ಮೇಷ್ಟ್ರ ಬಳಿ ಬಂದರು. ಏರ್‌ಪೋರ್ಟಿನಲ್ಲಿ ನಮ್ಮಮ್ಮನನ್ನೇ ಯಾಕೆ ತಪಾಸಣೆಗೆಂದು ಬೇರೆಯಾಗಿ ನಿಲ್ಲಿಸಿದರು ಎಂದು ಏಳನೇ ತರಗತಿಯ ಮುಸ್ಲಿಂ ಹುಡುಗ ಡೆಸ್ಕ್ ಗುದ್ದಿ ಕೇಳಿದನಂತೆ. ಇದನ್ನು ಯಾರಿಗೆ ತಿಳಿಸಬೇಕು ಎನ್ನುವುದು ಅವರ ಚಿಂತೆ.

"ನೀವು ಅವನಿಗೆ ಏನಂದ್ರಿ?" ಮೇಷ್ಟ್ರು ಕೇಳಿದರು.

"ಏನೂ ಹೇಳ್ಲಿಲ್ಲ ಸರ್. ಹೇಳ್ಬಹುದೋ ಬಾರ್ದೋ ಗೊತ್ತಾಗ್ಲಿಲ್ಲ."

"ಬನ್ನಿ, ಮೊದ್ಲು ಅವನ ಹತ್ರ ಹೋಗೋಣ."

ಏಳನೇ ತರಗತಿಯ ಬೆಂಚು ಗಿಡ್ಡ. ಮೇಷ್ಟ್ರು ಮೊಣಕಾಲು ಮಡಚಿ, ಕಷ್ಟಪಟ್ಟು ಹುಡುಗನ ಪಕ್ಕ ಕೂತರು.

"ಅಮ್ಮನ್ನ ನಿಲ್ಲಿಸ್ದಾಗ ನೀನೆಲ್ಲಿದ್ದೆ ಮರಿ?"

ಹುಡುಗ ಟೀಚರ ಮುಖ ನೋಡಿದ, ಮೇಷ್ಟ್ರ ಮುಖ ನೋಡಿದ. ಆಮೇಲೆ ತಡೆತಡೆದು ಹೇಳತೊಡಗಿದ. ಮೇಷ್ಟ್ರು ನಡುವೆ ಬಾಯಿ ಹಾಕಲಿಲ್ಲ.