ಎರಡು ಕೈಯ ಗಾಂಧಾರ

ಮುರಿದ ಮಣಿಕಟ್ಟಿಗೆ ಪ್ಲೇಟು ಹಾಕಿಸಲು ಹದಿನೆಂಟು ಸಾವಿರ, ಮೈಕಿಗೆ ನಾಲ್ಕು, ಕಂಪ್ಯೂಟರು ಮಗನ ಕಂತಿನದು, ಕೀಬೋರ್ಡು ಸೊಸೆ ತೌರಿನಿಂದ ತಂದದ್ದು, ನೀರಿಗೆ ಖರ್ಚಿಲ್ಲ — ಇಷ್ಟೆಲ್ಲ ಸುರಿದ ಮೇಲೂ ಈ ಗಾಂಧಾರ ನಡುಗುತ್ತಿದೆ, ಮೆಲ್ಲಗೆ ಒತ್ತಿದರೆ ಸರಿ, ಜೋರಾಗಿ ಒತ್ತಿದರೂ ಸರಿ, ನಡುವೆ ಒತ್ತಿದಾಗ ಮಾತ್ರ ವಾಂವ್ ವಾಂವ್ ಎಂದು ತೂಗಾಡುತ್ತದೆ, ನನ್ನ ಜಲತರಂಗದ ಬಟ್ಟಲು ಯಾವತ್ತೂ ಹೀಗೆ ತೂಗಾಡಿದ್ದಿಲ್ಲ, ಇನ್ನೊಮ್ಮೆ ಒತ್ತು ನೀಲಮ್ಮ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ, ಎಡಗೈಯಲ್ಲೇ ಒತ್ತು, ಬಲಗೈಗೆ ಬಿದಿರಿನ ಕಡ್ಡಿ ಹಿಡಿಯುವ ಯೋಗ ಮುಗಿಯಿತು ಎಂದು ಡಾಕ್ಟರೇ ಹೇಳಿದ್ದಾರಲ್ಲ. ಬಟ್ಟಲಿನ ಸದ್ದು ರೆಕಾರ್ಡು ಮಾಡಿ ಕೀಬೋರ್ಡಿನ ಒಂದೇ ಸ್ವರಕ್ಕೆ ಎರಡು ಸದ್ದು ಇಟ್ಟಿದೀನಿ ಕಣಮ್ಮ, ಮೆತ್ತಗೆ ಒತ್ತಿದ್ರೆ ಒಂದು, ಜೋರಾಗಿ ಒತ್ತಿದ್ರೆ ಇನ್ನೊಂದು, ಮಧ್ಯದಲ್ಲಿ ಒಂದು ಇಳೀತಾ ಇನ್ನೊಂದು ಏರುತ್ತೆ, ಆ ಜಾಗ ನೀನೇ ಕೇಳ್ಕೊಂಡು ಸರಿಮಾಡು ಎಂದು ಮಗ ಗುರುಕಿರಣ ಮೌಸ್ ಕೈಗೆ ಕೊಟ್ಟು ಕೆಲಸಕ್ಕೆ ಹೋದ. ಪರದೆಯ ಮೇಲೆ ಎರಡು ಗೆರೆ ಕತ್ತರಿಯ ಹಾಗೆ ದಾಟುತ್ತವೆ, ಇಳಿಯುವ ಗೆರೆ ನನ್ನ ಕೈಯದು, ಏರುವ ಗೆರೆ ಸೊಸೆ ಶಿವಾನಿಯ ಕೈಯದು, ಎರಡೂ ಒಂದೇ ಪಿಂಗಾಣಿ ಬಟ್ಟಲಿಂದ ಹುಟ್ಟಿದ ಸದ್ದು.

ಅವತ್ತು ಮೈಕು ಹೊಸದು, ಪರೀಕ್ಷೆಗೆಂದು ಬಾರಿಸಲು ಕೂತದ್ದು, ಫ್ಯಾನು ಆರಿಸಿ ಕಿಟಕಿ ಮುಚ್ಚಿ ಚಮಚದಲ್ಲಿ ನೀರು ತುಂಬಿ — ಮೆತ್ತಗೆ ಬಾರಿಸಮ್ಮ, ಪಕ್ಕದ್ಮನೆ ವೃಷಭೇಂದ್ರಪ್ಪನೋರು ಮಲಗಿರ್ತಾರೆ, ಹೋದ್ಸಲ ಗೋಡೆ ತಟ್ಟಿದ್ರು ಎಂದ ಮಗ, ಆಯ್ತು ಬುಡಪ್ಪ, ಜೋರಿಂದು ನಾಳೆ ಆಗ್ಲಿ ಎಂದೆ ನಾನು, ಮಾರನೆಯ ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಸೋಪಿನ ನೀರು, ಕಾಲು ಜಾರಿತು, ಕೈ ಊರಿದೆ, ಅಷ್ಟೆ. ಮೂರು ತಿಂಗಳು ಬಟ್ಟಲುಗಳು ಬೀರುವಿನಲ್ಲಿ ಬೋರಲು. ಭಜನಾ ಮಂಡಳಿಯ ಪ್ರೇಮಲೀಲಾ ನೋಡಲು ಬಂದವಳು ಮೂಸಂಬಿ ಚೀಲ ಕೆಳಗಿಡುವ ಮೊದಲೇ, ನಿಮ್ಮ ಸೊಸೆ ಕೀಬೋರ್ಡಲ್ಲೇ ಜಲತರಂಗ ನುಡಿಸ್ತಾಳಂತಲ್ಲ ನೀಲಮ್ಮ, ಸೋಮವಾರದ ಭಜನೆಯಿಂದ ನಿಮ್ಮ ಜಾಗದಲ್ಲಿ ಅವಳೇ ಕೂರ್ಲಿ, ನೀವು ಹಾಡೋರ ಜೊತೆ ಬನ್ನಿ — ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು, ಆದರೂ ಆ ಮೂಸಂಬಿ ನನಗೆ ಸೇರಲಿಲ್ಲ. ಜೋರಿನ ಸದ್ದು ಬೇಕಲ್ಲ ಎಂದು ಶಿವಾನಿಯನ್ನು ಕೂರಿಸಿದೆ, ಎಡಗೈಯಲ್ಲಿ ನಾನೇ ನೀರು ಹಾಕಿದೆ, ಅವಳು ಹೊಡೆದ ಹೊಡೆತಕ್ಕೆ ಹನಿ ಎಗರಿ ಚಾಪೆ ನೆನೆಯಿತು, ಏನಮ್ಮ, ತೆಂಗಿನಕಾಯಿ ಒಡೀತಿದ್ದೀಯಾ ಎಂದೆ, ನೀವೇ ಜೋರಾಗಿ ಅಂದ್ರಲ್ಲ ಅತ್ತೆ, ಜೋರು ಬೇರೆ ಜಗಳ ಬೇರೆ ಕಣೇ, ಹಂಗಾದ್ರೆ ಯಾವ್ದು ಹೊಡೀಲಿ ಹೇಳಿ, ಎರಡೂ ಬರುತ್ತೆ ನಂಗೆ ಎಂದು ನಕ್ಕಳು, ಮಗ ಬೇರೆ ಅದನ್ನೂ ರೆಕಾರ್ಡು ಮಾಡಿಬಿಟ್ಟ.

ಹನಿ ಎಗರಿದರೆ ನೀರು ಕಡಿಮೆ, ನೀರು ಕಡಿಮೆಯಾದರೆ ಸ್ವರ ಏರುತ್ತದೆ, ಶ್ರುತಿ ಸೇರದ ಎರಡು ಸದ್ದು ಕೂಡಿದರೆ ನಡುಗುತ್ತದೆ, ಹಾಗಾದರೆ ನಡುಕಕ್ಕೆ ಕಾರಣ ಅವಳೇ, ಇಳಿಸಬೇಕು ಅವಳದನ್ನು — ಹೀಗೆ ತೀರ್ಮಾನ ಮಾಡಿಕೊಂಡೇ ಕೂತಿದ್ದೇನೆ ಬೆಳಗಿನಿಂದ, ಯಾವುದಕ್ಕೂ ಇರಲಿ ಎಂದು ಶ್ರುತಿಪೆಟ್ಟಿಗೆ ಹಾಕಿ ಕೇಳಿದರೆ ಅವಳ ಗಾಂಧಾರ ನೆಟ್ಟಗಿದೆ, ಕೂದಲೆಳೆಯಷ್ಟು ತಗ್ಗಿರುವುದು ನನ್ನದು. ಪರೀಕ್ಷೆ ತಾನೆ ಎಂದು ಅವತ್ತು ಒಂದು ಚಮಚ ನೀರು ಹೆಚ್ಚೇ ಸುರಿದಿದ್ದೆನೇನೋ. ಸುತ್ತಮುತ್ತ ಯಾರೂ ಇಲ್ಲ, ಅವಳು ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಾಳೆ, ಮೌಸಿನಲ್ಲಿ ನನ್ನದರ ಶ್ರುತಿಯನ್ನೇ ಏರಿಸಿದೆ, ಇನ್ನೂ ಸ್ವಲ್ಪ, ಒತ್ತಿದೆ — ನಡುಕ ನಿಂತಿತು. ಈಗ ಗೆರೆಗಳು. ಅವು ದಾಟುವ ಆ ಕತ್ತರಿಯನ್ನು ಬಲಕ್ಕೆ ಎಳೆದರೆ ಶಿವಾನಿ ಎಷ್ಟೇ ಜೋರಾಗಿ ಒತ್ತಲಿ, ಬರುವುದು ನನ್ನ ಸದ್ದೇ, ಸೋಮವಾರ ಅವಳು ಕೂತರೂ ಕೇಳಿಸುವುದು ನೀಲಮ್ಮನೇ, ಯಾರಿಗೆ ಗೊತ್ತಾಗುತ್ತದೆ, ಎಳೆದೆ, ಕೊನೆಯವರೆಗೂ ಎಳೆದೆ, ಬಲವಾಗಿ ಒತ್ತಿದೆ. ಬಂತು. ಪಿಸುಮಾತನ್ನು ಮೈಕಿನಲ್ಲಿ ಕಿರುಚಿಸಿದ ಹಾಗೆ, ಹಿಂದೆ ಕೋಣೆಯ ಸುಯ್ಯೆನ್ನುವ ಗಾಳಿ, ಅದರ ನಡುವೆ ಹೆದರಿದ ಒಂದು ಬಟ್ಟಲು. ಭಜನೆಯ ಪದ ಮೇಲೇರಿ ಹತ್ತು ಹೆಂಗಸರು ಕೊರಳೆತ್ತಿದಾಗ ಇದನ್ನು ಯಾರು ಕೇಳಬೇಕು, ಮುಖ ಕೆಡುವುದು ಶಿವಾನಿಯದು, ಸೊಸೆಗೆ ಕೈಯಿಲ್ಲ ಅನ್ನುತ್ತಾರೆ, ಅವಳಿಗೇಕೆ ನನ್ನ ಆಸೆಯ ದಂಡ. ವಾಪಸು ಎಳೆದೆ, ಅವಳ ಸದ್ದಿಗೇ ಹೆಚ್ಚು ಜಾಗ ಸಿಗಲಿ ಎಂದು ನಡುವಿಗಿಂತ ಎಡಕ್ಕೇ ತಂದು ಬಿಟ್ಟೆ.

ಕ್ಲಿಪ್ಪಿನ ಡಬ್ಬಿ ಹಿಡಿದು ಶಿವಾನಿ ಇಳಿದು ಬಂದಳು, ಆಯ್ತಾ ಅತ್ತೆ ಎಂದಳು, ಆಯ್ತು ಕಣಮ್ಮ, ಬಾ ಒತ್ತು, ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಕೂತು ಪದದ ಮೊದಲ ಸಾಲು ನುಡಿಸಿದಳು, ಮೆಲ್ಲಗಿದ್ದಲ್ಲಿ ನಾನಿದ್ದೆ, ಏರಿದಲ್ಲಿ ಅವಳು, ಬೆಸುಗೆ ಎಲ್ಲಿ ಎಂದು ನನ್ನ ಕಿವಿಗೂ ತಿಳಿಯಲಿಲ್ಲ, ಅತ್ತೆ, ಜೋರಿಂದು ಬರೀ ನಂದೇ ಅಲ್ವಾ, ನಿಮ್ಮದು ಹೆಂಗಿರ್ತಿತ್ತು ಅಂದಳು. ಹೆಂಗಿರ್ತಿತ್ತು. ಯಾವ ಫೈಲಿನಲ್ಲೂ ಇಲ್ಲ, ಮಂಡಳಿಯವರಿಗೆ ನೆನಪಿದ್ದರೂ ಅವರು ನುಡಿಸಿ ತೋರಿಸಲಾರರು. ಮೆತ್ತನೆಯದು ಉಳಿಯಿತು, ಜೋರಿನದು ಹೋಯಿತು. ನಾನು ಎಷ್ಟು ಬಲವಾಗಿ ಬಾರಿಸಿದರೂ ನೀರು ಬಟ್ಟಲಿನ ಅಂಚಿನವರೆಗೆ ಏರುತ್ತಿತ್ತು, ಅಲ್ಲೇ ನಡುಗುತ್ತಿತ್ತು, ಹೊರಗೆ ಬೀಳುತ್ತಿರಲಿಲ್ಲ.