ಅಣ್ಣನ ಪಾಲಿನ ಲೈಫು

ಮಡಕೆ ಹೊತ್ತು ಮೂರನೇ ಸುತ್ತು ಬರುವಾಗ ಚಿದಾನಂದನ ಕಾಲು ತಡವರಿಸಿತು. ಹಳೆಯ ಬೀದಿಯ ಗೆಳೆಯ ಶ್ರೀವತ್ಸ ತೋಳು ಹಿಡಿದ. ಬನಶಂಕರಿ ಚಿತಾಗಾರದ ನೆಲದ ಮೇಲೆ ಮಡಕೆ ಒಡೆಯಿತು. ಅಣ್ಣ ರಾಮಪ್ರಸಾದನನ್ನು ಒಳಕ್ಕೆ ತಳ್ಳಿ ಬಾಗಿಲು ಹಾಕಿದರು. ಐವತ್ತಕ್ಕೇ ಎರಡೂ ಕಿಡ್ನಿ ಕೈಕೊಟ್ಟು ಹೋದ ಜೀವ.

ಹೊರಗೆ ಹೊಂಗೆ ಮರದ ಕೆಳಗೆ ಗೆಳೆಯರು ಸುಮ್ಮನಿರಲಾರದೆ ಮಾತು ತೆಗೆದರು.

"ಜಯನಗರದ ಮನೇಲಿ ವಿಡಿಯೋ ಗೇಮ್ ಆಡ್ತಿದ್ವಲ್ಲ ಗುರು! ಕ್ಯಾಸೆಟ್ ಮೇಲೆ ಸಾವಿರ ಗೇಮ್ ಅಂತ ಬರ್ದಿರೋದು, ಹಾಕಿದ್ರೆ ಇಪ್ಪತ್ತೇ. ಅವೇ ತಿರುಗಾ ಮುರುಗಾ."

"ಕರೆಂಟ್ ಹೋದ್ರೆ ಮುಗೀತು, ಮತ್ತೆ ಮೊದಲಿಂದ."

ಶ್ರೀವತ್ಸ ಚಿದಾನಂದನ ಬೆನ್ನು ತಟ್ಟಿದ. "ಇವನು ಅಣ್ಣನ ಲೈಫು ಎಷ್ಟು ಕಿತ್ಕೊಂಡಿದಾನೋ! ಪಾಪ, ರಾಮು ಒಂದು ದಿನ ಬೈದೋನಲ್ಲ."

ಚಿದಾನಂದ ತಲೆಯೆತ್ತಿ ಒಬ್ಬೊಬ್ಬರ ಮುಖವನ್ನೂ ನೋಡಿದ. ಇವರಿಗೆ ಗೊತ್ತಾಗಿಬಿಟ್ಟಿದೆಯೇ?

*

ಆ ಕ್ಯಾಸೆಟ್ಟಿನಲ್ಲಿ ಅಣ್ಣತಮ್ಮ ದಿನಾ ಆಡುತ್ತಿದ್ದ ಒಂದು ಗೇಮಿನದು ವಿಚಿತ್ರ. ಇಬ್ಬರು ಬಂದೂಕು ಹಿಡಿದು ಒಟ್ಟಿಗೆ ಓಡಬೇಕು, ತಲೆಗೆ ಮೂರು ಲೈಫು. ತನ್ನವು ಮುಗಿದವನು ಎರಡು ಬಟನ್ ಒಟ್ಟಿಗೆ ಒತ್ತಿದರಾಯಿತು, ಜೊತೆಗಾರನದೊಂದು ಇವನಿಗೆ ಬಂದುಬಿಡುತ್ತಿತ್ತು. ಕೇಳುವುದಿಲ್ಲ, ಹೇಳುವುದಿಲ್ಲ. ಅದನ್ನು ಮಾಡಿದ ಪುಣ್ಯಾತ್ಮನಿಗೆ ಅಣ್ಣತಮ್ಮಂದಿರೇ ಇರಲಿಲ್ಲವೋ ಏನೋ! ಹನ್ನೆರಡು ವರ್ಷದ ಚಿದಾನಂದ ಒತ್ತಿದ್ದೇ ಒತ್ತಿದ್ದು.

"ಅಣ್ಣಾ, ನಿಂದೂ ಮುಗೀತು!"

"ಆಡು ನೀನು. ನಾನು ನೋಡ್ತೀನಿ." ರಾಮಪ್ರಸಾದ ಜಾಯ್‌ಸ್ಟಿಕ್ ಕೆಳಗಿಟ್ಟು ಪಕ್ಕದಲ್ಲೇ ಕೂರುತ್ತಿದ್ದ.

ಅದೇ ಅಣ್ಣ ಹೋದ ವರ್ಷ ಡಯಾಲಿಸಿಸ್ ಹಾಸಿಗೆಯಿಂದ ಒಂದೇ ಒಂದು ಸಲ ಕೇಳಿದ್ದ. "ನಿನ್ನ ಕಿಡ್ನಿ ಹೊಂದುತ್ತಾ ಅಂತ ಟೆಸ್ಟ್ ಮಾಡಿಸ್ತೀಯೇನೋ ಚಿದು?"

ಚಿದಾನಂದ ಆಸ್ಪತ್ರೆಗೇನೋ ಹೋದ. ಕ್ಯಾಂಟೀನಿನಲ್ಲಿ ಕೂತು ಮಸಾಲೆ ದೋಸೆ ತಿಂದ. ಮೈಯೆಲ್ಲ ಬೆವರಿತು, ಎದ್ದು ಮನೆಗೆ ಬಂದ. "ಮ್ಯಾಚ್ ಆಗ್ಲಿಲ್ಲ ಅಣ್ಣ" ಅಂದುಬಿಟ್ಟ.

*

ರಾಮಪ್ರಸಾದನ ಒಬ್ಬಳೇ ಮಗಳು ಇಂಚರ ಹತ್ತಿರ ಬಂದಳು. ಇಪ್ಪತ್ತೆರಡರ ಹುಡುಗಿ, ಅತ್ತು ಅತ್ತು ಮುಖ ಊದಿತ್ತು.

"ಚಿಕ್ಕಪ್ಪ, ಒಂದ್ನಿಮಿಷ." ಅವನನ್ನು ಗೆಳೆಯರಿಂದ ಆಚೆ ಕರೆದೊಯ್ದಳು. "ಲ್ಯಾಬ್‌ನೋರು ಅವತ್ತೇ ಫೋನ್ ಮಾಡಿದ್ರು, ನೀವು ಬರ್ಲೇ ಇಲ್ಲ ಅಂತ. ಅಪ್ಪಂಗೆ ಗೊತ್ತಿತ್ತು."

ಚಿದಾನಂದ ಗೆಳೆಯರತ್ತ ತಿರುಗಿ ನೋಡಿದ.

"'ಅವನಿಗೆ ಹೆದರಿಕೆ ಕಣೇ, ಏನೂ ಕೇಳ್ಬೇಡ' ಅಂದಿದ್ರು ಅಪ್ಪ. ನಾನೂ ಕೇಳ್ತಿರ್ಲಿಲ್ಲ." ಅವಳ ದನಿ ಸಣ್ಣದಾಯಿತು. "ಈ ಕಾಯಿಲೆ ವಂಶದಲ್ಲೇ ಬರೋದಂತೆ. ನಂಗೂ ಶುರುವಾಗಿದೆ. ಅಮ್ಮಂಗೆ ಶುಗರ್, ಅವ್ರದ್ದು ತಗೊಳ್ಳಲ್ವಂತೆ. ನಿಮ್ಮದು ನಂಗೆ ಹೊಂದುತ್ತಾ ಅಂತ ಟೆಸ್ಟ್ ಮಾಡಿಸ್ತೀರಾ?"

ಆಫೀಸಿನ ಕಿಟಕಿಯಿಂದ ಗುಮಾಸ್ತ ಕೂಗಿದ: "ರಾಮಪ್ರಸಾದ್ ಕಡೆಯೋರು ಯಾರ್ರೀ? ಬಂದು ಸೈನ್ ಹಾಕಿ."

"ಬಂದೆ ಸಾರ್!" ಚಿದಾನಂದ ಥಟ್ಟನೆ ತಿರುಗಿದ. ಅಬ್ಬಾ, ಬದುಕಿದೆ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ನಾಚಿಕೆಯಾಯಿತು. ಆದರೂ ಕಾಲು ನಿಲ್ಲಲಿಲ್ಲ. "ಅಸ್ಥಿ ತಗೊಳ್ಳೋಕೆ ಎಷ್ಟೊತ್ತಿಗೆ ಬರ್ಬೇಕು ಸಾರ್?"

"ನಾಳೆ ಎಂಟಕ್ಕೆ ಬನ್ನಿ."

ಸಹಿ ಹಾಕಿ ತಿರುಗಿ ನೋಡಿದ. ಇಂಚರ ಬಿಸಿಲಲ್ಲಿ ಅಲ್ಲೇ ನಿಂತಿದ್ದಳು, ಒಂದು ಕೈಯಲ್ಲಿ ಸೊಂಟದ ಪಕ್ಕ ಒತ್ತಿ ಹಿಡಿದುಕೊಂಡು, ಅವನು ವಾಪಸು ಬರುತ್ತಾನೆಂದು ಕಾಯುತ್ತ.